ಹಾಲು ಹಾಕದ ದಿನದ ಲೆಕ್ಕ

ಫೆಬ್ರವರಿ ಬಂತೆಂದರೆ ನ್ಯೂಜೆರ್ಸಿಯ ನಮ್ಮ ಮನೆಯ ಫೋನಿಗೆ ಸುಗ್ಗಿ. ಸಂಕ್ರಾಂತಿಗೆ ಎಳ್ಳುಬೆಲ್ಲದ ಮಾತಾಡಲೂ ಪುರುಸೊತ್ತಿಲ್ಲದವರು ಆಗ ತಪ್ಪದೆ ನೆನೆಸಿಕೊಳ್ಳುತ್ತಾರೆ. "ಹೇಗಿದೀರಾ, ಅಲ್ಲೂ ಹಿಮ ಜೋರಾ?" ಎಂದು ಶುರುವಾದ ಮಾತು ಮೂರನೇ ನಿಮಿಷಕ್ಕೆ ಡಬ್ಲ್ಯು-2ಗೆ ಬಂದು ನಿಲ್ಲುತ್ತದೆ. ಕಂಪನಿಯವರು ಜನವರಿ ಮುಗಿಯುವುದರೊಳಗೆ ನೌಕರನ ಕೈಗೆ ಕೊಡಬೇಕಾದ ಸಂಬಳ-ತೆರಿಗೆಯ ಚೀಟಿ ಅದು. ನಮ್ಮ ಫಾರ್ಮ್ 16ರ ದಾಯಾದಿ. ಈ ವರ್ಷದ ಮೊದಲ ಫೋನು ತಿಪಟೂರು ಕಡೆಯ ಹುಡುಗನದು. ಎಡಿಸನ್‌ನಲ್ಲಿ ಮನೆ, ನದಿ ದಾಟಿದರೆ ಮ್ಯಾನ್‌ಹಟನ್‌ನಲ್ಲಿ ಕಂಪನಿ. ವಾರಕ್ಕೆ ಎರಡು ದಿನ ರೈಲು ಹತ್ತುತ್ತಾನೆ, ಮಿಕ್ಕ ಮೂರು ದಿನ ಮನೆಯಿಂದಲೇ ಕೆಲಸ. "ಅಂಕಲ್, ನನ್ನ ಸಂಬಳ ಎರಡು ಸಲ ಬರೆದುಬಿಟ್ಟಿದಾರೆ. ಒಂದು ಸಾಲಲ್ಲಿ ನ್ಯೂಯಾರ್ಕ್ ಅಂತ 1 ಲಕ್ಷ 20 ಸಾವಿರ ಡಾಲರ್. ಅದರ ಕೆಳಗೆ ನ್ಯೂಜೆರ್ಸಿ ಅಂತ ಮತ್ತೆ ಅಷ್ಟೇ. ನಾನು ದುಡಿದಿದ್ದು ಒಂದೇ ಸಲ ಅಲ್ವಾ?"

ದುಡಿದದ್ದು ಒಂದೇ ಸಲ, ಕೇಳುವವರು ಇಬ್ಬರು. ಮನೆ ಒಂದು ರಾಜ್ಯದಲ್ಲಿ, ಕಂಪನಿ ಇನ್ನೊಂದರಲ್ಲಿ ಇದ್ದರೆ ರಾಜ್ಯದ ತೆರಿಗೆ ಯಾರಿಗೆ ಕಟ್ಟಬೇಕು ಅನ್ನುವ ಈ ಪ್ರಶ್ನೆಯನ್ನು ಕೊರೊನಾ ಕಾಲದಿಂದೀಚೆಗೆ ನನಗೆ ಕೇಳದವರೇ ಇಲ್ಲ. ಮಕ್ಕಳು ಅಮೆರಿಕದಲ್ಲಿರುವ ಅಪ್ಪಅಮ್ಮಂದಿರೂ ಊರಿನಿಂದ ಬರೆದು ಕೇಳುತ್ತಾರೆ. ನಾನು ತೆರಿಗೆ ಪಂಡಿತನೇನಲ್ಲ. ಆದರೆ ಇದೇ ಒಲೆಯಲ್ಲಿ ಒಮ್ಮೆ ಕೈ ಸುಟ್ಟುಕೊಂಡವನು. ಆ ಕಥೆ ಆಮೇಲೆ ಹೇಳುತ್ತೇನೆ.

ಮೊದಲು ಊರಿನವರಿಗೆ ಒಂದು ಮಾತು. ನಮ್ಮಲ್ಲಿ ಈ ತಲೆನೋವೇ ಇಲ್ಲ. ಕೃಷಿಯದನ್ನು ಬಿಟ್ಟು ಉಳಿದ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರವನ್ನು ಸಂವಿಧಾನ ಕೇಂದ್ರಕ್ಕೆ ಮಾತ್ರ ಕೊಟ್ಟಿದೆ. ಸಂಬಳದಾರನಿಂದ ರಾಜ್ಯಕ್ಕೆ ಹೋಗುವುದು ವೃತ್ತಿ ತೆರಿಗೆ. ಅದೂ ವರ್ಷಕ್ಕೆ 2,500 ರೂಪಾಯಿ ಮೀರುವಂತಿಲ್ಲ. ಹಾಗಾಗಿ ಹುಬ್ಬಳ್ಳಿಯಲ್ಲಿ ಕೂತು ಪುಣೆಯ ಕಂಪನಿಗೆ ಕೆಲಸ ಮಾಡುವವನು ಈ ವಿಷಯಕ್ಕೆ ನಿದ್ದೆಗೆಡುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಕೇಂದ್ರದ ತೆರಿಗೆ ಒಂದು, ಅದರ ಮೇಲೆ ರಾಜ್ಯದ್ದು ಬೇರೆ. ರಾಜ್ಯಕ್ಕೊಂದು ಕಾನೂನು, ರಾಜ್ಯಕ್ಕೊಂದು ದರ. ಪೆನ್ಸಿಲ್ವೇನಿಯಾದಲ್ಲಿ ಬಡವ ಬಲ್ಲಿದ ಎಲ್ಲರಿಗೂ ಶೇ 3.07. ಕ್ಯಾಲಿಫೋರ್ನಿಯಾದಲ್ಲಿ ಆದಾಯ ಏರಿದಂತೆ ಏರುತ್ತಾ ಹೋಗಿ ತುದಿಯಲ್ಲಿ ಶೇ 13.3. ಟೆಕ್ಸಾಸ್, ಫ್ಲೋರಿಡಾ, ಟೆನೆಸ್ಸಿಯಂಥ ಕೆಲವು ರಾಜ್ಯಗಳಲ್ಲಿ ಸಂಬಳದ ಮೇಲೆ ತೆರಿಗೆಯೇ ಇಲ್ಲ. ಡಲ್ಲಾಸ್ ಸುತ್ತಮುತ್ತ ಕನ್ನಡದವರ ಮನೆಗಳು ಇಷ್ಟು ಹೆಚ್ಚಿದ್ದಕ್ಕೆ ಅಲ್ಲಿನ ಬಿಸಿಲೊಂದೇ ಕಾರಣ ಅಂತ ನಾನು ನಂಬುವುದಿಲ್ಲ.

ಎರಡು ರಾಜ್ಯಗಳ ಹಕ್ಕು ಎರಡು ಬೇರಿನಿಂದ ಹುಟ್ಟಿದ್ದು. ನೀವು ವಾಸವಿರುವ ರಾಜ್ಯ, "ನೀನು ನಮ್ಮವನು, ಲೋಕದ ಯಾವ ಮೂಲೆಯಲ್ಲಿ ದುಡಿದರೂ ನಮಗೆ ಪಾಲು" ಅನ್ನುತ್ತದೆ. ಇನ್ನೊಂದು ರಾಜ್ಯ, "ನೀನು ಯಾರಾದರೂ ಇರು, ನಮ್ಮ ನೆಲದಲ್ಲಿ ದುಡಿದಷ್ಟಕ್ಕೆ ಕೊಡು" ಅನ್ನುತ್ತದೆ. ಈ ಎರಡನೆಯ ಹಕ್ಕನ್ನು ಅಮೆರಿಕದ ಸುಪ್ರೀಂ ಕೋರ್ಟ್ 1920ರಲ್ಲೇ ಒಪ್ಪಿಕೊಂಡಿದೆ. ಷಿಕಾಗೋದಲ್ಲಿ ಮನೆ ಮಾಡಿಕೊಂಡಿದ್ದ ಶೇಫರ್ ಎಂಬ ಉದ್ಯಮಿಗೆ ಒಕ್ಲಹೋಮಾದಲ್ಲಿ ಎಣ್ಣೆ ಬಾವಿಗಳಿದ್ದವು. ನಾನು ನಿಮ್ಮ ರಾಜ್ಯದವನೇ ಅಲ್ಲ, ನನಗೇಕೆ ತೆರಿಗೆ ಎಂದು ಆತ ಕೋರ್ಟಿಗೆ ಹೋದ. ಬಾವಿ ಇರುವುದು ನಮ್ಮಲ್ಲಿ ತಾನೇ ಎಂದಿತು ಒಕ್ಲಹೋಮಾ. ಗೆದ್ದಿತು ಕೂಡ. ಬಾವಿಗೆ ವಿಳಾಸವಿರುತ್ತದೆ, ನಮ್ಮ ಕಡೆ ಹೇಳುವಂತೆ ಸರ್ವೆ ನಂಬರ್ ಇರುತ್ತದೆ. ರಾತ್ರೋರಾತ್ರಿ ಎದ್ದು ಪಕ್ಕದ ರಾಜ್ಯಕ್ಕೆ ನಡೆದುಹೋಗುವುದಿಲ್ಲ. ಲ್ಯಾಪ್‌ಟಾಪಿನಲ್ಲಿ ಮಾಡುವ ಕೆಲಸಕ್ಕೆ ಸರ್ವೆ ನಂಬರ್ ಎಲ್ಲಿಂದ ತರುವುದು? ಇಡೀ ಜಗಳ ಇಷ್ಟೇ.

ಬಹುಪಾಲು ರಾಜ್ಯಗಳ ಉತ್ತರ ಸರಳ: ಕೆಲಸ ಮಾಡುವಾಗ ನಿನ್ನ ಮೈ ಎಲ್ಲಿತ್ತೋ ಕೆಲಸವೂ ಅಲ್ಲೇ ನಡೆಯಿತು. ಟೆಕ್ಸಾಸಿನ ಮನೆಯಲ್ಲಿ ಕೂತು ಕ್ಯಾಲಿಫೋರ್ನಿಯಾದ ಕಂಪನಿಗೆ ಕೋಡ್ ಬರೆದರೆ, ಆ ಸಂಬಳದ ಮೇಲೆ ಕ್ಯಾಲಿಫೋರ್ನಿಯಾಕ್ಕೆ ಹಕ್ಕಿಲ್ಲ. ಮೀಟಿಂಗಿಗೆಂದು ವಿಮಾನ ಹತ್ತಿ ಹೋಗಿ ಅಲ್ಲಿ ದುಡಿದ ದಿನಗಳಿಗೆ ಮಾತ್ರ ಹಕ್ಕು. ಕಂಪನಿಯ ಬೋರ್ಡು ಎಲ್ಲಿ ತೂಗುತ್ತಿದೆ ಅನ್ನುವುದು ಮುಖ್ಯವಲ್ಲ, ನಿಮ್ಮ ಕುರ್ಚಿ ಎಲ್ಲಿದೆ ಅನ್ನುವುದು ಮುಖ್ಯ. ಇದೊಂದನ್ನು ನೆನಪಿಟ್ಟುಕೊಂಡರೆ ನನಗೆ ಬರುವ ಫೋನುಗಳಲ್ಲಿ ಅರ್ಧ ಕಡಿಮೆಯಾಗುತ್ತವೆ.

ಇಬ್ಬರೂ ಕೇಳಿದರೆ ಇಬ್ಬರಿಗೂ ಪೂರ್ತಿ ಕಟ್ಟಬೇಕೇ? ಇಲ್ಲ. ಹೊರರಾಜ್ಯಕ್ಕೆ ಕಟ್ಟಿದ್ದನ್ನು ವಾಸದ ರಾಜ್ಯ ತನ್ನ ತೆರಿಗೆಯಲ್ಲಿ ಮುರಿದುಕೊಳ್ಳುತ್ತದೆ. ಇದಕ್ಕೆ ಕ್ರೆಡಿಟ್ ಅಂತ ಹೆಸರು. ಹೊರಗೆ ದುಡಿದ ಹಣಕ್ಕೆ ಪೂರ್ತಿ ಕ್ರೆಡಿಟ್ ಕೊಡದೆ ಎರಡೆರಡು ಸಲ ಕತ್ತರಿ ಹಾಕುತ್ತಿದ್ದ ಮೇರಿಲ್ಯಾಂಡಿನ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2015ರಲ್ಲಿ ವಿನ್ ಎಂಬ ದಂಪತಿಯ ಮೊಕದ್ದಮೆಯಲ್ಲಿ ತಳ್ಳಿಹಾಕಿತು; ಐದು ನ್ಯಾಯಮೂರ್ತಿಗಳು ಆ ಕಡೆ, ನಾಲ್ವರು ಈ ಕಡೆ. ಲೆಕ್ಕ ಸುಲಭವಾಗಲಿ ಎಂದು ಹೀಗಿಟ್ಟುಕೊಳ್ಳಿ: ತಿಪಟೂರಿನ ಹುಡುಗನ ಸಂಬಳಕ್ಕೆ ನ್ಯೂಯಾರ್ಕಿನ ತೆರಿಗೆ 6,000 ಡಾಲರ್, ಅದೇ ಸಂಬಳಕ್ಕೆ ನ್ಯೂಜೆರ್ಸಿಯದು 4,500. ಅವನು ನ್ಯೂಯಾರ್ಕಿಗೆ 6,000 ಕಟ್ಟುತ್ತಾನೆ, ನ್ಯೂಜೆರ್ಸಿ ತನ್ನ 4,500 ಬಿಟ್ಟುಕೊಡುತ್ತದೆ. ಒಟ್ಟು ಹೋಗಿದ್ದು 10,500 ಅಲ್ಲ, 6,000. ಹಾಗಂತ ಹೆಚ್ಚಿಗೆ ಹೋದ 1,500 ಡಾಲರನ್ನು ನ್ಯೂಜೆರ್ಸಿ ಕೈಯಿಂದ ಕೊಡುವುದೂ ಇಲ್ಲ. ಎರಡರಲ್ಲಿ ಯಾವುದು ದೊಡ್ಡದೋ ಅಷ್ಟು ನಮ್ಮ ಜೇಬಿನಿಂದ ಹೋಗುತ್ತದೆ.

ಹಾಗಾಗಿ ಡಬ್ಲ್ಯು-2ನಲ್ಲಿ ಸಂಬಳ ಎರಡು ಸಾಲಿನಲ್ಲಿ ಕಂಡರೆ ಗಾಬರಿಯಾಗಬೇಡಿ. ನ್ಯೂಯಾರ್ಕಿಗೆ ಸಂಬಂಧಪಟ್ಟ ನೌಕರನಾದರೆ 16ನೇ ಚೌಕದಲ್ಲಿ ಇಡೀ ಸಂಬಳ ಬರೆಯಿರಿ ಎಂದು ಆ ರಾಜ್ಯವೇ ಕಂಪನಿಗಳಿಗೆ ಹೇಳಿದೆ. ಎರಡನ್ನೂ ಕೂಡಿಸುವ ಹಾಗಿಲ್ಲ. ಒಂದೇ ಸಂಬಳದ ಎರಡು ಫೋಟೋ ಅಂದುಕೊಳ್ಳಿ. ತುಂಬುವಾಗ ಮೊದಲು ಹೊರರಾಜ್ಯದ ರಿಟರ್ನ್, ಆಮೇಲೆ ಮನೆ ರಾಜ್ಯದ್ದು. ಅಂದರೆ ಈ ಹುಡುಗನಿಗೆ ಮೊದಲು ನ್ಯೂಯಾರ್ಕಿನ ಐಟಿ-203, ಅದರ ಉತ್ತರ ಹಿಡಿದುಕೊಂಡು ನ್ಯೂಜೆರ್ಸಿಯ ಎನ್‌ಜೆ-1040. ಕ್ರೆಡಿಟ್ ಕೇಳುವಾಗ ಜನ ಮಾಡುವ ತಪ್ಪು ಒಂದೇ. ಡಬ್ಲ್ಯು-2ನ 17ನೇ ಚೌಕದಲ್ಲಿ ಕಂಪನಿ ಹಿಡಿದಿಟ್ಟ ಮೊತ್ತವಿರುತ್ತದಲ್ಲ, ಅದನ್ನೇ ತಂದು ಬರೆದುಬಿಡುತ್ತಾರೆ. ಹಿಡಿದಿದ್ದು ಬೇರೆ, ಲೆಕ್ಕ ಹಾಕಿದ ಮೇಲೆ ನಿಜವಾಗಿ ಕಟ್ಟಬೇಕಾಗಿ ಬಂದ ತೆರಿಗೆ ಬೇರೆ. ಕ್ರೆಡಿಟ್ ಸಿಗುವುದು ಎರಡನೆಯದಕ್ಕೆ.

ಈಗ ನನ್ನ ಕಥೆ. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಪ್ರತಿವರ್ಷವೂ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇರುತ್ತದೆ. ಊರಿನಲ್ಲಿ ಅಮ್ಮ ಅದರ ಮೇಲೆ ಹಾಲಿನ ಲೆಕ್ಕ ಬರೆಯುತ್ತಿದ್ದಳು. ಹಾಲು ಬಾರದ ದಿನಕ್ಕೆ ಒಂದು ಇಂಟು ಮಾರ್ಕು, ಅರ್ಧ ಲೀಟರ್ ಹೆಚ್ಚು ತಗೊಂಡ ದಿನಕ್ಕೆ ತಾರೀಕಿನ ಪಕ್ಕ ಸಣ್ಣದಾಗಿ ಅರ್ಧ. ತಿಂಗಳ ಕೊನೆಗೆ ಹಾಲಿನವನು ಬಂದಾಗ ಕ್ಯಾಲೆಂಡರೇ ಸಾಕ್ಷಿ. ಅದೇ ಚಾಳಿ ನನಗೂ ಬಂದಿತ್ತು. ಮ್ಯಾನ್‌ಹಟನ್ನಿನ ಕಂಪನಿಯೊಂದರಲ್ಲಿದ್ದಾಗ ಆಫೀಸಿಗೆ ಹೋದ ದಿನ ಬಿಟ್ಟು, ಮನೆಯಿಂದ ಕೆಲಸ ಮಾಡಿದ ದಿನಕ್ಕೆಲ್ಲ ಕೆಂಪು ಪೆನ್ನಿನಲ್ಲಿ ಇಂಟು ಹಾಕುತ್ತಿದ್ದೆ. ವರ್ಷದ ಕೊನೆಗೆ ಎಣಿಸಿದರೆ ತೊಂಬತ್ತಾರು. ಹಾಲು ಬಾರದ ದಿನಕ್ಕೆ ಯಾರಾದರೂ ದುಡ್ಡು ಕೊಡುತ್ತಾರೆಯೇ? ನ್ಯೂಯಾರ್ಕಿನ ರಿಟರ್ನಿನಲ್ಲಿ ಆ ತೊಂಬತ್ತಾರು ದಿನ ಕಳೆದೆ. ರಿಫಂಡ್ ಬಂತು. ಆ ದುಡ್ಡಿನಲ್ಲಿ ಊರಿಗೆ ಟಿಕೆಟ್ಟೂ ತೆಗೆದೆ.

ಒಂದೂವರೆ ವರ್ಷದ ಮೇಲೆ ಕಾಗದ ಬಂತು. ಯಾವ ಯಾವ ದಿನ ಎಲ್ಲೆಲ್ಲಿ ಕೆಲಸ ಮಾಡಿದಿರಿ, ಪಟ್ಟಿ ಕೊಡಿ. ಮನೆಯಿಂದ ಮಾಡುವುದು ಏಕೆ ಅಗತ್ಯವಿತ್ತು, ಕಂಪನಿಯಿಂದ ಪತ್ರ ತನ್ನಿ. ಪಟ್ಟಿ ನನ್ನ ಹತ್ತಿರ ಸಿದ್ಧವಾಗಿಯೇ ಇತ್ತು; ಕ್ಯಾಲೆಂಡರಿನ ಹನ್ನೆರಡು ಹಾಳೆಯನ್ನೂ ಜೆರಾಕ್ಸ್ ಮಾಡಿಸಿದೆ. ಕಂಪನಿಯವರು ಪ್ರಾಮಾಣಿಕವಾಗಿ ಒಂದೇ ಸಾಲಿನ ಪತ್ರ ಕೊಟ್ಟರು: ಅವರ ಕೋರಿಕೆಯ ಮೇರೆಗೆ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಮಾಡಲು ಒಪ್ಪಿಗೆ ನೀಡಲಾಗಿತ್ತು. 'ಅವರ ಕೋರಿಕೆಯ ಮೇರೆಗೆ' ಅನ್ನುವ ಮೂರು ಪದಕ್ಕೆ ನಾನು ತೆರಿಗೆಯನ್ನೂ ಅದರ ಮೇಲಿನ ಬಡ್ಡಿಯನ್ನೂ ಕಟ್ಟಿದೆ. ಆಮೇಲೆ ನ್ಯೂಜೆರ್ಸಿಗೆ ತಿದ್ದುಪಡಿ ರಿಟರ್ನ್ ಹಾಕಿ ಕ್ರೆಡಿಟ್ ಕೇಳಿ, ಹೋದದ್ದರಲ್ಲಿ ಒಂದಿಷ್ಟು ವಾಪಸ್ ಪಡೆಯುವಷ್ಟರಲ್ಲಿ ಇನ್ನೊಂದು ಯುಗಾದಿ ಬಂದಿತ್ತು. ತಪ್ಪು ನನ್ನದೇ. ನಿಯಮ ಓದದೆ ಹಾಲಿನ ಲೆಕ್ಕ ಹಾಕಿದ್ದೆ.

ಆ ನಿಯಮಕ್ಕೆ ಇಲ್ಲಿ ಕನ್ವೀನಿಯನ್ಸ್ ರೂಲ್ ಅನ್ನುತ್ತಾರೆ, ಅನುಕೂಲದ ನಿಯಮ. ನಿಮ್ಮನ್ನು ನಿಯೋಜಿಸಿರುವ ಕಚೇರಿ ನ್ಯೂಯಾರ್ಕಿನಲ್ಲಿದ್ದರೆ, ನೀವು ಹೊರಗೆ ಕೂತು ಕೆಲಸ ಮಾಡಿದ ದಿನವೂ ನ್ಯೂಯಾರ್ಕಿನ ದಿನವೇ. ಕಂಪನಿಯ ಅಗತ್ಯಕ್ಕಾಗಿ ಹೊರಗಿದ್ದರೆ ಮಾತ್ರ ವಿನಾಯಿತಿ. ನಿಮ್ಮ ಅನುಕೂಲಕ್ಕಾಗಿ ಹೊರಗಿದ್ದರೆ ಇಲ್ಲ. ಅಗತ್ಯ ಅಂದರೇನು ಎಂದು ಆ ರಾಜ್ಯ 2006ರಲ್ಲಿ ಒಂದು ಉದ್ದನೆಯ ವಿವರಣೆ ಕೊಟ್ಟಿದೆ. ಮನೆಯ ಹತ್ತಿರವೇ ಇರುವ, ಆಫೀಸಿನಲ್ಲಿ ಒದಗಿಸಲಾಗದ ವಿಶೇಷ ಸೌಕರ್ಯ ಕೆಲಸಕ್ಕೆ ಬೇಕಾಗಿದ್ದರೆ ಸರಿ. ಅದಿಲ್ಲದಿದ್ದರೆ ಇನ್ನೊಂದು ಪಟ್ಟಿಯಿದೆ: ಮನೆಯಿಂದ ಕೆಲಸ ಮಾಡಬೇಕೆಂಬುದು ನೌಕರಿಯ ಷರತ್ತೇ? ಕಂಪನಿಯ ಗಿರಾಕಿಗಳನ್ನು ಅಲ್ಲಿ ಭೇಟಿ ಮಾಡುತ್ತೀರಾ? ಖರ್ಚು ಕಂಪನಿ ಕೊಡುತ್ತದೆಯೇ? ಸ್ಪ್ರೆಡ್‌ಶೀಟ್ ತೆರೆದು ಕೂರುವ ನನ್ನಂಥವನು ಈ ಜರಡಿಯಲ್ಲಿ ನಿಲ್ಲುವುದು ಕಷ್ಟ. ಇಂಟರ್‌ನೆಟ್ಟು ಮ್ಯಾನ್‌ಹಟನ್ನಿನಲ್ಲೂ ಇದೆಯಲ್ಲ!

ಇದನ್ನೆಲ್ಲ ತಿಪಟೂರಿನ ಹುಡುಗನಿಗೆ ಹೇಳಿ ಮುಗಿಸುವಷ್ಟರಲ್ಲಿ ಅವನು ಇನ್ನೊಂದು ಬಾಂಬ್ ಹಾಕಿದ. "ಅಂಕಲ್, ಡಿಸೆಂಬರಲ್ಲಿ ಮೂರು ವಾರ ಊರಲ್ಲಿದ್ದೆ. ರಜ ಇರಲಿಲ್ಲ, ತೋಟದ ಮನೆಯಿಂದ್ಲೇ ರಾತ್ರಿ ಹೊತ್ತು ಲಾಗಿನ್ ಆಗ್ತಿದ್ದೆ. ಅದು ಯಾವ ರಾಜ್ಯಕ್ಕೆ ಸೇರತ್ತೆ?" ನಾನು ನಗು ತಡೆದುಕೊಂಡು ಹೇಳಿದೆ: ನ್ಯೂಯಾರ್ಕಿಗೆ ಕಣಪ್ಪ. ಊರಿಗೆ ಹೋಗಿದ್ದು ನಿನ್ನ ಅನುಕೂಲಕ್ಕೆ ತಾನೇ? ಹಾಗಾದರೆ ಆ ಮೂರು ವಾರ ನಿಮ್ಮಪ್ಪನ ತೆಂಗಿನ ತೋಟದ ಮನೆಯ ಜಗಲಿ ಮ್ಯಾನ್‌ಹಟನ್ನಿಗೆ ಸೇರಿತ್ತು. ನಿಯಮ ಕೇಳುವುದು ಹೊರಗಿದ್ದೆಯಾ, ಯಾರ ಅನುಕೂಲಕ್ಕಿದ್ದೆ ಎಂದಷ್ಟೇ. ಹೊರಗೆ ಅಂದರೆ ಎಡಿಸನ್ನಾದರೂ ಒಂದೇ, ಎಂಟು ಸಾವಿರ ಮೈಲಿ ಆಚೆಯ ತಿಪಟೂರಾದರೂ ಒಂದೇ.

ಇದನ್ನು ಪ್ರಶ್ನಿಸಿ ಕೋರ್ಟಿಗೆ ಹೋದವರಿಲ್ಲವೇ? ಇದ್ದಾರೆ, ಅವರ ಕಥೆ ನನ್ನದಕ್ಕಿಂತ ಕಹಿ. ಥಾಮಸ್ ಹಕಬಿ ಎಂಬ ಪ್ರೋಗ್ರಾಮರ್ ಟೆನೆಸ್ಸಿಯಲ್ಲಿದ್ದುಕೊಂಡು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿರುವ ಒಂದು ಸಂಸ್ಥೆಗೆ ಕೆಲಸ ಮಾಡುತ್ತಿದ್ದ. 1994, 1995ರ ಮಾತು. ತನ್ನ ಸಮಯದಲ್ಲಿ ಸುಮಾರು ಕಾಲು ಭಾಗ ನ್ಯೂಯಾರ್ಕಿನಲ್ಲಿ ಕಳೆಯುತ್ತಿದ್ದ. ಕಾಲು ಭಾಗದ ತೆರಿಗೆ ಕಟ್ಟಿದ. ಪೂರ್ತಿ ಕಟ್ಟು ಎಂದಿತು ರಾಜ್ಯ. 2005ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯ ನಾಲ್ಕು-ಮೂರರ ಬಹುಮತದಿಂದ ರಾಜ್ಯದ ಪರ ನಿಂತಿತು. ಅವನ ರಾಜ್ಯದಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲದ್ದರಿಂದ ಕ್ರೆಡಿಟ್ ಅನ್ನುವ ಸಮಾಧಾನವೂ ಇರಲಿಲ್ಲ. ಟೆಕ್ಸಾಸಿನಲ್ಲಿ ಮನೆ ಕೊಂಡು ನ್ಯೂಯಾರ್ಕಿನ ಕಂಪನಿಯ ಆಫರ್ ಒಪ್ಪಿಕೊಳ್ಳುವ ನಮ್ಮ ಹುಡುಗರು ಹಕಬಿಯ ಹೆಸರನ್ನು ಒಮ್ಮೆ ನೆನೆಸಿಕೊಳ್ಳಬೇಕು.

ಇನ್ನೊಬ್ಬರು ಎಡ್ವರ್ಡ್ ಝೆಲಿನ್‌ಸ್ಕಿ, ಸ್ವತಃ ಕಾನೂನಿನ ಮೇಷ್ಟ್ರು. ಕನೆಕ್ಟಿಕಟ್‌ನಲ್ಲಿ ಮನೆ, ಮ್ಯಾನ್‌ಹಟನ್ನಿನ ಕಾರ್ಡೋಜೋ ಕಾನೂನು ಕಾಲೇಜಿನಲ್ಲಿ ಪಾಠ. ಪಾಠವಿಲ್ಲದ ದಿನ ಮನೆಯಲ್ಲಿ ಕೂತು ಓದುವುದು, ಬರೆಯುವುದು. ಆ ದಿನಗಳೂ ನಮ್ಮವೇ ಎಂದಿತು ನ್ಯೂಯಾರ್ಕ್. ಆ ದಿನ ನೀನು ನಮ್ಮಲ್ಲೇ ಇದ್ದೆಯಲ್ಲ, ಕ್ರೆಡಿಟ್ ಏಕೆ ಎಂದಿತು ಕನೆಕ್ಟಿಕಟ್. ನಡುವೆ ಸಿಕ್ಕಿದ್ದು ಮೇಷ್ಟ್ರ ಸಂಬಳ. 2003ರಲ್ಲಿ ಸೋತರು. ಕೊರೊನಾ ಬಂದು ಕ್ಲಾಸುಗಳೇ ಕಂಪ್ಯೂಟರಿಗೆ ಹೋದಾಗ, ಈಗಲಾದರೂ ಇದನ್ನು ಅನುಕೂಲ ಅನ್ನಬೇಡಿ ಎಂದು ಮತ್ತೆ ಹೋದರು. 2025ರಲ್ಲಿ ನ್ಯೂಯಾರ್ಕಿನ ತೆರಿಗೆ ಮೇಲ್ಮನವಿ ಮಂಡಳಿ ಮತ್ತೆ ಅವರ ವಿರುದ್ಧವೇ ಹೇಳಿತು. ಆಫೀಸಿಗೆ ಬೀಗ ಬಿದ್ದಿದ್ದಾಗ ಮನೆಯಲ್ಲಿ ಕೂತದ್ದನ್ನೂ ನೌಕರನ ಅನುಕೂಲ ಎಂದು ಕರೆಯುವ ಭಾಷೆ ತೆರಿಗೆ ಇಲಾಖೆಗೆ ಮಾತ್ರ ಬರುತ್ತದೆ.

ನ್ಯೂಯಾರ್ಕ್ ಒಂದನ್ನೇ ಬೈದು ಪ್ರಯೋಜನವಿಲ್ಲ. ಪೆನ್ಸಿಲ್ವೇನಿಯಾ, ಡೆಲವೇರ್, ನೆಬ್ರಾಸ್ಕಾಗಳಲ್ಲೂ ಇಂಥ ನಿಯಮಗಳಿವೆ. ಸಹಿಸಿ ಸಾಕಾದ ಕನೆಕ್ಟಿಕಟ್ ಮತ್ತು ನ್ಯೂಜೆರ್ಸಿ ಮುಯ್ಯಿಗೆ ಮುಯ್ಯಿ ಎಂದವು: ಯಾವ ರಾಜ್ಯ ನಮ್ಮವರ ಮೇಲೆ ಈ ನಿಯಮ ಹೇರುತ್ತದೋ ಅವರ ಮೇಲೆ ಮಾತ್ರ ನಾವೂ ಹೇರುತ್ತೇವೆ. ನ್ಯೂಜೆರ್ಸಿ ಇದನ್ನು 2023ರ ಜುಲೈನಲ್ಲಿ ಕಾನೂನು ಮಾಡಿ ಅದೇ ವರ್ಷದ ಜನವರಿಯಿಂದಲೇ ಜಾರಿಗೆ ತಂದಿತು. ಜತೆಗೊಂದು ಗಾಳವನ್ನೂ ಇಟ್ಟಿತು. ನಮ್ಮ ನಿವಾಸಿ ಯಾರಾದರೂ ಹೊರರಾಜ್ಯದ ನಿಯಮದ ಮೇಲೆ ದಾವೆ ಹೂಡಿ ಗೆದ್ದು ಹಣ ವಾಪಸ್ ತಂದರೆ, ಅದರಿಂದ ನ್ಯೂಜೆರ್ಸಿಗೆ ಹೆಚ್ಚಿಗೆ ಕಟ್ಟಬೇಕಾಗುವ ತೆರಿಗೆಯಲ್ಲಿ ಅರ್ಧ ಬಿಟ್ಟುಬಿಡುತ್ತೇವೆ ಎಂದಿತು. ಬೇಲಿ ಜಗಳಕ್ಕೆ ಪಕ್ಕದ ಮನೆಯ ಹುಡುಗನನ್ನು ಎತ್ತಿಕಟ್ಟುವ ಊರ ಗೌಡರ ಜಾಣತನ ಇದು. ರಾಜ್ಯ-ರಾಜ್ಯಗಳ ಜಗಳ ಮೇಲಿನವರೆಗೂ ಹೋಗಿ ನೋಡಿತು. ಕೊರೊನಾ ಕಾಲದಲ್ಲಿ ಮನೆಗೆ ಮರಳಿದ ತನ್ನ ಜನರ ಸಂಬಳಕ್ಕೆ ಮ್ಯಾಸಚೂಸೆಟ್ಸ್ ಕೈಹಾಕಿದೆ ಎಂದು ನ್ಯೂಹ್ಯಾಂಪ್‌ಷೈರ್ 2020ರಲ್ಲಿ ನೇರ ಸುಪ್ರೀಂ ಕೋರ್ಟಿಗೆ ಹೋಯಿತು. 2021ರ ಜೂನ್‌ನಲ್ಲಿ ಕೋರ್ಟು ಕೇಳಲೂ ಒಪ್ಪಲಿಲ್ಲ. ಕೆಲವು ದಿನಗಳ ಮಟ್ಟಿಗೆ ಹೋಗಿ ಕೆಲಸ ಮಾಡಿ ಬಂದವರನ್ನು ಮೂವತ್ತು ದಿನದವರೆಗೆ ಮುಟ್ಟಬೇಡಿ ಎನ್ನುವ ಮಸೂದೆ ಕೇಂದ್ರದ ಕಾಂಗ್ರೆಸ್ಸಿನಲ್ಲಿ ಮತ್ತೆ ಮತ್ತೆ ಮಂಡನೆಯಾಗುತ್ತಲೇ ಇದೆ, ಕಾಯ್ದೆಯಾಗಿಲ್ಲ.

ಒಳ್ಳೆಯ ನೆರೆಹೊರೆಯೂ ಇಲ್ಲದಿಲ್ಲ. ನ್ಯೂಜೆರ್ಸಿಗೂ ಪೆನ್ಸಿಲ್ವೇನಿಯಾಕ್ಕೂ ಹಳೆಯ ಒಪ್ಪಂದವಿದೆ: ನಮ್ಮವರ ಸಂಬಳಕ್ಕೆ ನೀವು ಕೈಹಾಕಬೇಡಿ, ನಿಮ್ಮವರದಕ್ಕೆ ನಾವು ಹಾಕುವುದಿಲ್ಲ. ಚೆರ್ರಿ ಹಿಲ್‌ನಲ್ಲಿ ಮನೆಯಿದ್ದು ಪೆನ್ಸಿಲ್ವೇನಿಯಾದ ಕಂಪನಿಗೆ ದುಡಿಯುವವನು ಒಂದು ಫಾರ್ಮ್ ಕೊಟ್ಟರೆ ರಾಜ್ಯದ ತೆರಿಗೆ ಸೀದಾ ನ್ಯೂಜೆರ್ಸಿಗೇ ಹೋಗುತ್ತದೆ. ಫಿಲಡೆಲ್ಫಿಯಾ ನಗರದ ವೇತನ ತೆರಿಗೆ ಮಾತ್ರ ಈ ಒಪ್ಪಂದಕ್ಕೆ ಸೇರಿಲ್ಲ. ವರ್ಜೀನಿಯಾ, ಮೇರಿಲ್ಯಾಂಡ್, ವಾಷಿಂಗ್ಟನ್ ಡಿಸಿಗಳ ನಡುವೆಯೂ ಇಂಥ ಹೊಂದಾಣಿಕೆಯಿದೆ. ಎರಡು ರಾಜ್ಯದಲ್ಲಿ ಕಾಲಿಟ್ಟವರು ಮೊದಲು ನೋಡಬೇಕಾದ್ದು ತಮ್ಮ ಜೋಡಿ ರಾಜ್ಯಗಳ ನಡುವೆ ಒಪ್ಪಂದ ಉಂಟೇ ಅಂತ.

ಐಟಿಯವರಿಗೆ ಇನ್ನೊಂದು ಕಿವಿಮಾತು. ಸಂಬಳ ಕುರ್ಚಿಯ ಹಿಂದೆ ಹೋಗುತ್ತದೆ ಎಂದೆನಲ್ಲ, ಕಂಪನಿ ಕೊಟ್ಟ ಷೇರುಗಳು ಹಾಗಲ್ಲ. ಅವು ಹಳೆಯ ಮನೆಯನ್ನು ಬೇಗ ಮರೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿದ್ದಾಗ ಆರ್‌ಎಸ್‌ಯು (ಕೆಲವು ಕಾಲ ದುಡಿದ ಮೇಲೆ ಕೈಗೆ ಬರುವ ಷೇರು) ಸಿಕ್ಕಿತು, ಆಮೇಲೆ ಟೆಕ್ಸಾಸಿಗೆ ಹೋದಿರಿ, ಅಲ್ಲಿ ಷೇರು ಕೈಗೆ ಬಂತು. ಕೊಟ್ಟ ದಿನದಿಂದ ಕೈಗೆ ಬಂದ ದಿನದವರೆಗೆ 500 ಕೆಲಸದ ದಿನಗಳಿದ್ದು, ಅದರಲ್ಲಿ 400 ದಿನ ಕ್ಯಾಲಿಫೋರ್ನಿಯಾದಲ್ಲಿ ದುಡಿದಿದ್ದರೆ ಆ ಆದಾಯದ ಶೇ 80ರ ಮೇಲೆ ಕ್ಯಾಲಿಫೋರ್ನಿಯಾದ ಹಕ್ಕು ಉಳಿದೇ ಇರುತ್ತದೆ. ಮನೆ ಸಾಮಾನು ಲಾರಿಗೆ ಹಾಕಿದ ದಿನವೇ ಋಣ ಹರಿಯಿತು ಎಂದುಕೊಂಡವರು ಎಷ್ಟೋ ಜನ.

ಆದರೆ ನಾನು ನೋಡಿದ ಅನಾಹುತಗಳಲ್ಲಿ ಹೆಚ್ಚಿನವಕ್ಕೆ ಕಾರಣ ಹೀಗೆ ಗಡಿ ಕಾಯುವ ಕಾನೂನುಗಳಲ್ಲ, ಹೇಳದೆ ಉಳಿದ ವಿಳಾಸಗಳು. ಡಲ್ಲಾಸ್ ಪಕ್ಕದ ಅರ್ವಿಂಗ್‌ನಲ್ಲಿರುವ ಸಂಬಂಧಿಕರ ಹುಡುಗಿಯೊಬ್ಬಳು ಷಿಕಾಗೋದ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಇಲಿನಾಯ್‌ನಲ್ಲಿ ಒಂದು ದಿನವೂ ದುಡಿದವಳಲ್ಲ. ಆದರೂ ಕಂಪನಿಯ ಪೇರೋಲ್‌ನವರು ಎಲ್ಲರಿಗೂ ಹಾಕುವಂತೆ ಅವಳಿಗೂ ವರ್ಷವಿಡೀ ಇಲಿನಾಯ್ ತೆರಿಗೆ ಹಿಡಿದರು. ಸಂಬಳದ ಚೀಟಿಯನ್ನು ಒಮ್ಮೆ ಬಿಡಿಸಿ ನೋಡಿದ್ದರೆ ಮೊದಲ ತಿಂಗಳೇ ತಿಳಿಯುತ್ತಿತ್ತು. ಈಗ ಆ ಹಣ ವಾಪಸ್ ಬರಬೇಕಾದರೆ ತನಗೆ ಸಂಬಂಧವೇ ಇಲ್ಲದ ರಾಜ್ಯಕ್ಕೆ ಹೊರಗಿನವಳಾಗಿ ರಿಟರ್ನ್ ಹಾಕಿ, ಇವಳು ಇಲ್ಲಿ ದುಡಿದಿಲ್ಲ ಎಂದು ಕಂಪನಿಯಿಂದ ಪತ್ರ ಬರೆಸಿಕೊಂಡು ಲಗತ್ತಿಸಬೇಕು. ಇದರ ತಿರುಗುಮುರುಗು ಇನ್ನೂ ಕೆಟ್ಟದ್ದು. ಟೆಕ್ಸಾಸಿನಿಂದ ನಾರ್ತ್ ಕ್ಯಾರೊಲೈನಾಕ್ಕೆ ಹೋಗಿ ಕಂಪನಿಗೆ ಹೇಳದೆ ಇದ್ದವನಿಗೆ ತಿಂಗಳು ತಿಂಗಳು ಸಂಬಳ ಪೂರ್ತಿ ಕೈಗೆ ಬರುತ್ತದೆ, ಏಪ್ರಿಲ್ 15ಕ್ಕೆ ಒಂದೇ ಏಟಿಗೆ ಹೋಗುತ್ತದೆ, ದಂಡದ ಸಮೇತ. ಕಂಪನಿಗೂ ತೊಂದರೆಯೇ: ಒಬ್ಬ ನೌಕರ ಹೊಸ ರಾಜ್ಯದಲ್ಲಿ ಕೂತರೂ ಅಲ್ಲಿ ತೆರಿಗೆ ಹಿಡಿಯಲು, ನಿರುದ್ಯೋಗ ವಿಮೆ ಕಟ್ಟಲು ಅದು ನೋಂದಾಯಿಸಿಕೊಳ್ಳಬೇಕಾಗುತ್ತದೆ. ಎಚ್-1ಬಿ ವೀಸಾದವರಿಗಂತೂ ಇದು ತೆರಿಗೆಗಿಂತ ದೊಡ್ಡ ವಿಷಯ. ಕೆಲಸದ ಸ್ಥಳ ಒಂದು ಮಹಾನಗರ ವಲಯದಿಂದ ಇನ್ನೊಂದಕ್ಕೆ ಹೋದರೆ ತಿದ್ದುಪಡಿ ಅರ್ಜಿ ಹಾಕಲೇಬೇಕೆಂದು 2015ರ ಸಿಮಿಯೋ ಸೊಲ್ಯೂಷನ್ಸ್ ಪ್ರಕರಣದಿಂದ ನಿಶ್ಚಯವಾಗಿದೆ. ವೀಸಾ ಕಾಗದದಲ್ಲಿ ಒಂದು ಊರು, ತೆರಿಗೆ ಕಾಗದದಲ್ಲಿ ಇನ್ನೊಂದು ಊರು ಇದ್ದರೆ ಗ್ರೀನ್ ಕಾರ್ಡಿನ ದಿನ ಉತ್ತರ ಕೊಡುವವರು ಯಾರು?

ನ್ಯೂಯಾರ್ಕಿನ ನಿಯಮ ನನಗೆ ಇವತ್ತಿಗೂ ಅನ್ಯಾಯವೆಂದೇ ಕಾಣುತ್ತದೆ. ಮನೆಯಲ್ಲಿ ಕೆಲಸ ಮಾಡಿದ ದಿನ ನಾನು ಓಡಾಡಿದ್ದು ನ್ಯೂಜೆರ್ಸಿಯ ರಸ್ತೆಯಲ್ಲಿ, ಕಸ ಎತ್ತಿದ್ದು ಇಲ್ಲಿನ ಲಾರಿ, ಮಕ್ಕಳು ಹೋದದ್ದು ಇಲ್ಲಿನ ಶಾಲೆಗೆ. ಆದರೂ ಅಮ್ಮನ ಕ್ಯಾಲೆಂಡರನ್ನು ನೆನೆದಾಗ ಆಚೆ ಕಡೆಯ ಮಾತೂ ಕೇಳಿಸುತ್ತದೆ. ಒಂದು ಸಲ ನಾವೆಲ್ಲ ಮದುವೆಗೆಂದು ಹೇಳದೆ ಕೇಳದೆ ನಾಲ್ಕು ದಿನ ಊರು ಬಿಟ್ಟಿದ್ದೆವು. ತಿಂಗಳ ಕೊನೆಗೆ ಅಮ್ಮ ನಾಲ್ಕು ಇಂಟು ತೋರಿಸಿದಳು. ಹಾಲಿನವನು ಒಪ್ಪಲಿಲ್ಲ. "ನಾನು ಬಂದಿದ್ದೆ ಅಮ್ಮಾ, ಬೀಗ ನೋಡಿ ವಾಪಸ್ ಹೋದೆ. ಹಸು ನಿಮಗೆ ಅಂತ ಹಾಲು ಕೊಡ್ತು, ನೀವು ತಗೊಳ್ಳಲಿಲ್ಲ ಅಂದ್ರೆ ನಾನೇನ್ ಮಾಡ್ಲಿ? ಮೊದ್ಲೇ ಹೇಳಿದ್ರೆ ಬಿಡ್ತಿದ್ದೆ." ನ್ಯೂಯಾರ್ಕ್ ಹೇಳುವುದೂ ಇದನ್ನೇ: ನಿನ್ನ ಮೇಜು ಇಲ್ಲಿ ಸಿದ್ಧವಿತ್ತು, ರೈಲು ಓಡುತ್ತಿತ್ತು, ಬಾರದೆ ಇದ್ದದ್ದು ನಿನ್ನ ಇಷ್ಟ. ಅಮ್ಮ ಅರ್ಧ ದುಡ್ಡು ಕೊಟ್ಟು ಕಳಿಸಿದಳು. ಮುಂದಿನ ಸಲ ಊರಿಗೆ ಹೊರಡುವ ಮುಂಚೆ ಮಾಡಿದ ಮೊದಲ ಕೆಲಸ ಹಾಲಿನವನಿಗೆ ಹೇಳಿದ್ದು.

ನನಗೆ ಹೇಳಲಿಕ್ಕಿರುವುದೂ ಅಷ್ಟೆ. ಕೆಲಸ ಒಪ್ಪಿಕೊಂಡ ಮೇಲೆ ಫೆಬ್ರವರಿಯಲ್ಲಿ ಫೋನ್ ಮಾಡಬೇಡಿ, ಆಫರ್ ಪತ್ರಕ್ಕೆ ಸಹಿ ಹಾಕುವ ಮುಂಚೆ ಕಂಪನಿಯನ್ನು ಕೇಳಿ. ನನ್ನನ್ನು ನಿಯೋಜಿಸುವ ಕಚೇರಿ ಯಾವ ರಾಜ್ಯದ್ದು? ಮನೆಯಿಂದ ಕೆಲಸ ನನ್ನ ಕೋರಿಕೆಯೋ, ನಿಮ್ಮ ಷರತ್ತೋ? ತೆರಿಗೆ ಯಾವ ರಾಜ್ಯಕ್ಕೆ ಹಿಡಿಯುತ್ತೀರಿ? ಉತ್ತರ ಬಾಯಿಮಾತಾಗಿ ಬೇಡ, ಬರೆಸಿಕೊಳ್ಳಿ. ಒಂದು ಸಾಲು ಬರೆದಿದ್ದರೆ ಎಲ್ಲ ಕಡೆ ತೆರಿಗೆ ಉಳಿಯುತ್ತದೆ ಎಂದಲ್ಲ; ಎಷ್ಟು ಹೋಗುತ್ತದೆ ಎಂದು ತಿಳಿದು ಸಂಬಳದ ಚೌಕಾಸಿ ಮಾಡಬಹುದು. ಸಂಬಳ ಕುದುರಿದ ಮೇಲೆ ಆ ಮಾತಿಗೆ ಬೆಲೆಯಿಲ್ಲ.

ತಿಪಟೂರಿನ ಹುಡುಗ ಎಲ್ಲ ಕೇಳಿಸಿಕೊಂಡು ಒಂದು ನಿಮಿಷ ಸುಮ್ಮನಿದ್ದ. ಮೊನ್ನೆ ಕನೆಕ್ಟಿಕಟ್ ಕಂಪನಿಯೊಂದರಿಂದ ಅವನಿಗೆ ಆಫರ್ ಬಂದಿದೆಯಂತೆ. ಪತ್ರ ತೆರೆದು ಫೋನಿನಲ್ಲೇ ಓದಿದ. ಸಂಬಳ, ರಜೆ, ವಿಮೆ ಎಲ್ಲ ಇತ್ತು. ಕೆಲಸದ ಸ್ಥಳ ಎಂಬಲ್ಲಿ ಬರೀ 'ರಿಮೋಟ್' ಅಂತಿತ್ತು. "ನಾಳೆನೇ ಕೇಳ್ತೀನಿ ಅಂಕಲ್" ಎಂದ. ಇಡುವ ಮುಂಚೆ ಇನ್ನೊಂದು ಪ್ರಶ್ನೆ: "ಆ ಕ್ಯಾಲೆಂಡರ್ ಇಲ್ಲೆಲ್ಲಿ ಸಿಗತ್ತೆ?" ಇಲ್ಲಿ ಸಿಗೋದಿಲ್ಲ ಮಾರಾಯ, ಊರಿಂದ ಬರುವವರ ಸೂಟ್‌ಕೇಸಿನಲ್ಲಿ ತರಿಸಿಕೊಳ್ಳಬೇಕು ಎಂದೆ. ಅವನ ಅಪ್ಪಅಮ್ಮ ಮೇ ತಿಂಗಳಲ್ಲಿ ಬರುತ್ತಾರಂತೆ. ಅಲ್ಲಿಯವರೆಗೆ ಮೊಬೈಲಿನಲ್ಲೇ ಇಂಟು ಹಾಕಿಕೊಳ್ಳಲಿ.